ಮದುವೆಗೆ ಮುಂಚೆ ಹಲ್ಲು ಬೆಳ್ಳಗಾಗಬೇಕು!

ಪ್ರಶ್ನೆ: ಡಾಕ್ಟ್ರೇ, ನನಗೆ 24 ವರ್ಷ, ಊರು ಪಾವಗಡದ ಹತ್ತಿರ. ಮುಂದಿನ ತಿಂಗಳು ಮದುವೆ. ಹಲ್ಲು ಹಳದಿ ಅಂತ ಆನ್‌ಲೈನಲ್ಲಿ ಪೆರಾಕ್ಸೈಡ್ ಸ್ಟ್ರಿಪ್ (ಹಲ್ಲು ಬೆಳ್ಳಗಾಗಲು ಅಂಟಿಸುವ ಪಟ್ಟಿ) ತರಿಸಿ ನಾಲ್ಕು ದಿನ ಹಾಕಿಕೊಂಡೆ. ಈಗ ತಣ್ಣೀರು ಕುಡಿದರೆ ಜುಮ್ ಅನ್ನುತ್ತದೆ, ಮೊದಲು ಅಷ್ಟಾಗಿ ಕಾಣದ ಬಿಳಿ ಮಚ್ಚೆಗಳೂ ಎದ್ದು ಕಾಣುತ್ತಿವೆ. ಮುಂದುವರಿಸಲಾ?

ಉತ್ತರ: ಸದ್ಯಕ್ಕೆ ನಿಲ್ಲಿಸಿಬಿಡಮ್ಮ. ಪೆರಾಕ್ಸೈಡ್ ಹಲ್ಲಿನ ಮೇಲ್ಪದರ ದಾಟಿ ಒಳಗೆ ಇಳಿದು ಕಲೆಯ ಬಣ್ಣವನ್ನು ಒಡೆಯುತ್ತದೆ, ಹಾಗೆ ಇಳಿಯುವಾಗಲೇ ನರವನ್ನೂ ಕೆಣಕುತ್ತದೆ, ಅದೇ ಆ ಜುಮ್. ನಿಲ್ಲಿಸಿದರೆ ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ಹೋಗುತ್ತದೆ. ಅಲ್ಲಿಯವರೆಗೆ ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್, ಮೆತ್ತನೆ ಬ್ರಷ್ ಬಳಸಿ.

ಮಚ್ಚೆಯ ವಿಷಯ ಬೇರೆ. ನಿಮ್ಮ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ, ಚಿಕ್ಕಂದಿನಲ್ಲಿ ಹಲ್ಲು ರೂಪುಗೊಳ್ಳುವಾಗ ಆ ನೀರು ಕುಡಿದವರಿಗೆ ಇಂಥ ಮಚ್ಚೆ ಬರುತ್ತದೆ. ನಿಮ್ಮದೂ ಅದೇ ಇರಬಹುದು, ನೋಡದೆ ಖಚಿತವಾಗಿ ಹೇಳಲಾರೆ. ಸ್ಟ್ರಿಪ್ ಹಾಕಿದಾಗ ಹಲ್ಲು ಒಣಗಿ ಮಚ್ಚೆ ಇನ್ನೂ ಬೆಳ್ಳಗೆ ಕಾಣುತ್ತದೆ, ಸ್ವಲ್ಪ ದಿನಕ್ಕೆ ಆ ಬಿಳುಪು ಕಡಿಮೆಯಾಗುತ್ತದೆ, ಆದರೆ ಪೂರ್ತಿ ಅಳಿಸುವ ಕೆಲಸ ಸ್ಟ್ರಿಪ್‌ನಿಂದ ಆಗುವುದಿಲ್ಲ. ದಂತವೈದ್ಯರು ಮೇಲ್ಪದರವನ್ನು ತುಸುವೇ ಉಜ್ಜಿ ತೆಗೆಯುತ್ತಾರೆ, ಇಲ್ಲವೇ ಮಚ್ಚೆಯೊಳಗೆ ರೆಸಿನ್ ಎಂಬ, ಆಮೇಲೆ ಗಟ್ಟಿಯಾಗುವ ದ್ರವ ಇಳಿಸುತ್ತಾರೆ. ಒಂದು ತಿಂಗಳು ಅದಕ್ಕೆ ಸಾಕು.

ಹುಳುಕು ಇದ್ದರೆ ಮೊದಲು ಅದನ್ನು ತುಂಬಿಸಿ. ಕ್ಯಾಪ್, ಫಿಲ್ಲಿಂಗ್‌ಗಳ ಬಣ್ಣವನ್ನು ಸ್ಟ್ರಿಪ್ ಬದಲಿಸುವುದಿಲ್ಲ, ಪಕ್ಕದ ಹಲ್ಲು ಬೆಳ್ಳಗಾದರೆ ಅವು ಇನ್ನೂ ಹಳದಿಯಾಗಿ ಕಾಣುತ್ತವೆ. ಮತ್ತೆ ಶುರುಮಾಡುವುದಾದರೆ ವೈದ್ಯರನ್ನು ಕೇಳಿಯೇ ಮಾಡಿ, ಪೊಟ್ಟಣದಲ್ಲಿ ಬರೆದದ್ದಕ್ಕಿಂತ ಹೆಚ್ಚು ಹೊತ್ತು ಬೇಡ. ಹಾಗಂತ ನಿಂಬೆಹಣ್ಣು ಉಜ್ಜೋಕೆ ಹೋಗಬೇಡಿ, ಅದು ಹಲ್ಲನ್ನೇ ಸವೆಸುತ್ತದೆ!