ಅರಿಶಿನದ ಕ್ಯಾಪ್ಸೂಲಿನಲ್ಲಿ ಕಾಳುಮೆಣಸಿಗೇನು ಕೆಲಸ?

ಪ್ರಶ್ನೆ: ನನಗೆ 58 ವರ್ಷ. ಮಂಡಿನೋವಿಗೆಂದು ರಾತ್ರಿ ಅರಿಶಿನದ ಹಾಲು ಕುಡಿಯುತ್ತೇನೆ. ಕಾಳುಮೆಣಸಿನ ಸತ್ವ ಸೇರಿಸಿದ ಕರ್ಕ್ಯುಮಿನ್ ಕ್ಯಾಪ್ಸೂಲ್ ಇದಕ್ಕಿಂತ 20 ಪಟ್ಟು ಮೇಲು ಎನ್ನುತ್ತಾರೆ ಮೆಡಿಕಲ್ ಶಾಪಿನವರು. ಹೃದಯದ ಕವಾಟ ಬದಲಿಸಿದ್ದಾರೆ, ರಕ್ತ ಹೆಪ್ಪುಗಟ್ಟದಂತೆ ದಿನವೂ ವಾರ್ಫರಿನ್ ನುಂಗುತ್ತೇನೆ. ಕ್ಯಾಪ್ಸೂಲ್ ತೆಗೆದುಕೊಳ್ಳಬಹುದೇ?

ಉತ್ತರ: ಬೇಡ. ಹಾಲು ಬೇರೆ, ಕ್ಯಾಪ್ಸೂಲ್ ಬೇರೆ.

ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ. 3. ಅರ್ಧ ಟೀ ಚಮಚ, ಅಂದರೆ ಒಂದೂವರೆ ಗ್ರಾಂ ಪುಡಿ ಹಾಕಿದರೆ ಹಾಲಿಗೆ ಇಳಿಯುವುದು 45 ಮಿಲಿಗ್ರಾಂ. ಶೇ. 95 ಸತ್ವದ 500 ಮಿಲಿಗ್ರಾಂ ಕ್ಯಾಪ್ಸೂಲಿನಲ್ಲಿ ಅದರ ಹತ್ತು ಪಟ್ಟು. ಆದರೂ ಕರ್ಕ್ಯುಮಿನ್ ನೀರಿನಲ್ಲಿ ಕರಗುವುದಿಲ್ಲ. ಹೆಚ್ಚಿನ ಪಾಲು ಮಲದಲ್ಲೇ ಹೋಗುತ್ತದೆ. ಒಳಸೇರಿದ್ದಕ್ಕೂ ಕರುಳಿನ ಗೋಡೆ ಮತ್ತು ಯಕೃತ್ತು ಗ್ಲುಕುರೋನಿಕ್ ಆಮ್ಲ ಅಂಟಿಸಿ ಬೇಗನೆ ಹೊರಹಾಕುತ್ತವೆ.

ಆ 20 ಪಟ್ಟಿನ ಮಾತು ಹುಟ್ಟಿದ್ದು ಬೆಂಗಳೂರಿನಲ್ಲೇ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ಒಂದನ್ನೇ ಕೊಟ್ಟಾಗ ರಕ್ತದಲ್ಲಿ ಅದು ಸಿಕ್ಕಿದ್ದು ಇಲ್ಲವೆನ್ನುವಷ್ಟು ಕಡಿಮೆ. ಜೊತೆಗೆ ಕಾಳುಮೆಣಸಿನ ಸತ್ವವಾದ ಪೈಪರಿನ್ 20 ಮಿಲಿಗ್ರಾಂ ಕೊಟ್ಟಾಗ ರಕ್ತ ಸೇರುವ ಪ್ರಮಾಣ ಶೇ. 2000 ಏರಿತು. ಆ ಏರಿಕೆ ಕಂಡದ್ದು ನುಂಗಿದ ಮೊದಲ ಒಂದು ಗಂಟೆಯೊಳಗೆ. ಇಲ್ಲವೆನ್ನುವಷ್ಟರ 20 ಪಟ್ಟು ಎಷ್ಟಾದೀತು? ಅಲ್ಲದೆ ಅಳೆದದ್ದು ರಕ್ತದಲ್ಲಿನ ಪ್ರಮಾಣವನ್ನು, ನೋವನ್ನಲ್ಲ. ಅಂಗಡಿಯಲ್ಲಿ ಇಷ್ಟು ಹೇಳುವುದಿಲ್ಲ.

ಪೈಪರಿನ್ ಈ ಕೆಲಸ ಮಾಡುವುದು ಯಕೃತ್ತಿನ ಕೈ ಕಟ್ಟಿ. ಕರ್ಕ್ಯುಮಿನ್ನನ್ನು ಹೊರಹಾಕುವ ಕಿಣ್ವಗಳನ್ನು ತಡೆಯುತ್ತದೆ. ಔಷಧಿಗಳನ್ನು ಒಡೆಯುವ ಕೆಲವು ಕಿಣ್ವಗಳನ್ನೂ ಅದು ಬಿಡುವುದಿಲ್ಲ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿ.ಪಿ.ಗೆ ಕೊಡುವ ಪ್ರೊಪ್ರನೊಲಾಲ್ ರಕ್ತದಲ್ಲಿ ಏರುವುದು ಹೀಗೆ. ವಾರ್ಫರಿನ್‌ನಲ್ಲಂತೂ ಪರಿಣಾಮದ ಪ್ರಮಾಣಕ್ಕೂ ಅಪಾಯದ ಪ್ರಮಾಣಕ್ಕೂ ಅಂತರ ತೀರಾ ಕಡಿಮೆ. ನ್ಯೂಜಿಲೆಂಡಿನ ಔಷಧ ನಿಯಂತ್ರಕರು 2018ರಲ್ಲಿ ತಿಳಿಸಿದ ಪ್ರಕರಣದಲ್ಲಿ, ವಾರ್ಫರಿನ್ ಜೊತೆ ಅರಿಶಿನದ ಉತ್ಪನ್ನ ಶುರುಮಾಡಿದ ಕೆಲವೇ ವಾರಗಳಲ್ಲಿ ರೋಗಿಯ ಐ.ಎನ್.ಆರ್. 10 ದಾಟಿತ್ತು. ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆ ಎಂಬುದರ ಅಳತೆ ಇದು, ಏರಿದಷ್ಟೂ ರಕ್ತಸ್ರಾವದ ಅಪಾಯ ಹೆಚ್ಚು. ಕವಾಟದವರಿಗೆ ಸಾಮಾನ್ಯವಾಗಿ ಇರಬೇಕಾದದ್ದು 2ರಿಂದ 3.5ರೊಳಗೆ.

ಮಂಡಿನೋವಿಗೆ ಆಧಾರವೇ ಇಲ್ಲವೆಂದಲ್ಲ. ಥಾಯ್ಲೆಂಡಿನಲ್ಲಿ 367 ರೋಗಿಗಳ ಮೇಲೆ ನಡೆದ ಪರೀಕ್ಷೆಯಲ್ಲಿ ದಿನಕ್ಕೆ 1500 ಮಿಲಿಗ್ರಾಂ ಅರಿಶಿನದ ಸಾರ, 1200 ಮಿಲಿಗ್ರಾಂ ಐಬುಪ್ರೊಫೆನ್ನಿಗೆ ಹೆಚ್ಚುಕಡಿಮೆ ಸಮನಾಗಿ ನೋವು ತಗ್ಗಿಸಿತು. ಆದರೆ ನೋಡಿದ್ದು ನಾಲ್ಕೇ ವಾರ. ಇದನ್ನು ಓದಿ ಐಬುಪ್ರೊಫೆನ್ ಕಡೆ ಹೋಗಬೇಡಿ. ವಾರ್ಫರಿನ್ ಜೊತೆ ಅದು ಹೊಟ್ಟೆಯಲ್ಲಿ ರಕ್ತಸ್ರಾವ ತರಬಹುದು.

ಸಾರು, ಪಲ್ಯಕ್ಕೆ ಹಾಕುವ ಚಿಟಿಕೆ ಅರಿಶಿನಕ್ಕೆ ಹೆದರಬೇಕಿಲ್ಲ. ಹಾಲಿನ ಅಭ್ಯಾಸವಿದ್ದರೆ ಅಳತೆ ದಿನವೂ ಒಂದೇ ಇರಲಿ, ವೈದ್ಯರಿಗೂ ಹೇಳಿಡಿ. ಕ್ಯಾಪ್ಸೂಲ್ ಈಗಾಗಲೇ ಶುರುಮಾಡಿದ್ದರೆ ನಿಲ್ಲಿಸಿ, ಡಬ್ಬಿ ಹಿಡಿದುಕೊಂಡೇ ವೈದ್ಯರಲ್ಲಿಗೆ ಹೋಗಿ ಐ.ಎನ್.ಆರ್. ಮಾಡಿಸಿ. ನಿಲ್ಲಿಸಿದ ಮೇಲೂ ಅದು ಏರುಪೇರಾಗಬಹುದು, ಹಾಗಾಗಿ ವಾರದ ನಂತರ ಮತ್ತೊಮ್ಮೆ ನೋಡಿಸಿ. ವಸಡಲ್ಲಿ ರಕ್ತ, ಕಪ್ಪು ಮಲ, ಕಾರಣವಿಲ್ಲದ ನೀಲಿ ಕಲೆ ಕಂಡರೆ ಅಂದೇ ಆಸ್ಪತ್ರೆಗೆ ಹೋಗಿ.