ಎರಡನೇ ಬರೋಣದ ಭಯ: ರಾತ್ರಿ ಮೂರಕ್ಕೆ ಅಜ್ಜಿಗೆ ಫೋನ್ ಮಾಡುತ್ತಿದ್ದ ಹುಡುಗಿ

2025ರ ಸೆಪ್ಟೆಂಬರ್ 23 ಅಥವಾ 24ಕ್ಕೆ ಸಭೆ ಎತ್ತಲ್ಪಡುತ್ತದೆ, ಅಂದರೆ ಯೇಸು ತನ್ನನ್ನು ನಂಬಿದವರನ್ನೆಲ್ಲ ಆಕಾಶಕ್ಕೆ ಕರೆದುಕೊಳ್ಳುತ್ತಾನೆ ಅಂತ ದಕ್ಷಿಣ ಆಫ್ರಿಕಾದ ಬೋಧಕರೊಬ್ಬರು ಹೇಳಿದ ವಿಡಿಯೊ ನಮ್ಮಲ್ಲೂ ಎಷ್ಟೋ ಜನರ ಫೋನಿಗೆ ಬಂದಿತ್ತು. ಆ ದಿನ ಕಳೆಯಿತು, ಏನೂ ಆಗಲಿಲ್ಲ. ಆದರೆ ಹಲವರಿಗೆ ಭಯ ಹಾಗೇ ಉಳಿಯಿತು. ಬರೋಣದ, ಅಂದರೆ ಯೇಸು ತಿರುಗಿ ಬರುವ ದಿನದ, ಭಯ ಹೊತ್ತು ನನ್ನ ಹತ್ತಿರ ಆಪ್ತಸಲಹೆಗೆ ಬರುವವರು ಮೊದಲಿಂದಲೂ ಇದ್ದಾರೆ. ಅವರಲ್ಲಿ ಒಬ್ಬಳ ವಿಷಯವನ್ನು ಅವಳ ಒಪ್ಪಿಗೆ ಪಡೆದು, ಗುರುತು ಸಿಗದ ಹಾಗೆ ವಿವರ ಬದಲಿಸಿ ಬರೆಯುತ್ತಿದ್ದೇನೆ.

ಹುಡುಗಿಗೆ ಹತ್ತೊಂಬತ್ತು. ನರ್ಸಿಂಗ್ ಓದುತ್ತಾಳೆ, ಹಾಸ್ಟೆಲಿನಲ್ಲಿ ಇರುತ್ತಾಳೆ. ಊರಲ್ಲಿ ಅಮ್ಮ, ಅಜ್ಜಿ. ರಾತ್ರಿ ಎಚ್ಚರವಾದರೆ ಮೊದಲು ಅಮ್ಮನ ವಾಟ್ಸಾಪ್ ತೆಗೆದು, ಕೊನೆಗೆ ಯಾವಾಗ ನೋಡಿದ್ದಾರೆ ಅಂತ ಪರೀಕ್ಷಿಸುತ್ತಿದ್ದಳು. ಅದು ಸಾಲದೆ ಅಜ್ಜಿಗೆ ಫೋನ್ ಮಾಡುತ್ತಿದ್ದಳು. ಅಜ್ಜಿಗೇ ಯಾಕೆ? ಮನೆಯಲ್ಲಿ ಎಲ್ಲರಿಗಿಂತ ಭಕ್ತಿವಂತೆ ಅಜ್ಜಿ. ಕರ್ತನು ಬಂದಿದ್ದರೆ ಮೊದಲು ಹೋಗುವವರು ಅವರೇ. ಅಜ್ಜಿ “ಯಾರವ್ವಾ?” ಅಂದರೆ ಸಾಕು, ಬರೋಣ ಇನ್ನೂ ಆಗಿಲ್ಲ, ತಾನು ಒಬ್ಬಳೇ ಉಳಿದಿಲ್ಲ ಅಂತ ಸಮಾಧಾನ. ಅದು ಒಂದು ಗಂಟೆ ಇರುತ್ತಿತ್ತು. ಆಮೇಲೆ ಮತ್ತೆ ಫೋನ್. ಹಗಲು ವಾರ್ಡಿನಲ್ಲಿ ನಿಂತಲ್ಲೇ ತೂಕಡಿಸಿದ್ದನ್ನು ನೋಡಿ ವಾರ್ಡನ್ ನನ್ನ ಹತ್ತಿರ ಕಳಿಸಿದ್ದರು. ಪರೀಕ್ಷೆಯ ಫೀಸನ್ನೂ ಕಟ್ಟಿರಲಿಲ್ಲ.

ಇಂಥವರಿಗೆ ಎಲ್ಲರೂ ಮೊದಲು ಕೊಡುವ ಉತ್ತರ, ಹಿಂದೆ ಹೇಳಿದ ದಿನಗಳೆಲ್ಲ ಸುಳ್ಳಾದವಲ್ಲ ಅನ್ನುವುದು. ಅವಳಿಗೆ ಅದೆಲ್ಲ ನನಗಿಂತ ಚೆನ್ನಾಗಿ ಗೊತ್ತಿತ್ತು. ಅಮೆರಿಕದ ವಿಲಿಯಂ ಮಿಲ್ಲರ್ ಅವರ ಹಿಂಬಾಲಕರು ಬೈಬಲಿನ ದಾನಿಯೇಲನ ಪುಸ್ತಕದ 2300 ದಿನಗಳನ್ನು ವರ್ಷ ಅಂತ ಎಣಿಸಿ 1844ರ ಅಕ್ಟೋಬರ್ 22ಕ್ಕೆ ಕಾದರು. ದಕ್ಷಿಣ ಕೊರಿಯಾದಲ್ಲಿ 1992ರ ಅಕ್ಟೋಬರ್ 28ಕ್ಕೆ ಸಾವಿರಾರು ಜನ ಕಾದರು. ರೇಡಿಯೊ ಬೋಧಕ ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಅಂದರು, ಅದು ಹೋದಮೇಲೆ ಅಕ್ಟೋಬರ್ 21 ಅಂದರು, ಮುಂದಿನ ವರ್ಷ ದಿನ ಹೇಳಿದ್ದೇ ಪಾಪ ಅಂತ ಒಪ್ಪಿಕೊಂಡರು. ಇದನ್ನೆಲ್ಲ ಹೇಳಿ ಅವಳು ಅಂದಳು: “ಅವರೆಲ್ಲ ತಪ್ಪು ಮೇಡಂ. ಆದ್ರೆ ಯಾವತ್ತೋ ಒಂದು ದಿನ ಸರಿ ಇರುತ್ತಲ್ವಾ?”

ಸರಿಯೇ. ತಾರೀಖು ಸುಳ್ಳಾದರೆ ಈ ಭಯ ಹೋಗುವುದಿಲ್ಲ, ಯಾಕೆಂದರೆ ಭಯ ತಾರೀಖಿನದಲ್ಲ.

ಅದು ಯಾವುದರ ಭಯ ಅನ್ನುವುದು ಮೂರನೇ ಸಲ ಕೂತಾಗ ಹೊರಬಂತು. ಬರೋಣ ಆದರೆ ನಿನಗೆ ಏನು ತಪ್ಪಿಹೋಗುತ್ತದೆ ಅಂತ ಕೇಳಿದೆ. ತುಂಬಾ ಹೊತ್ತು ದುಪಟ್ಟಾದ ಅಂಚು ಸುತ್ತುತ್ತಾ ಕೂತಳು. ಆಮೇಲೆ ಒಂದೇ ಉಸಿರಿಗೆ ಹೇಳಿದಳು: “ನನಗೆ ಯೇಸಪ್ಪ ಈಗ್ಲೇ ಬರೋದು ಬೇಡ ಅನ್ಸುತ್ತೆ ಮೇಡಂ. ಕೆಲಸಕ್ಕೆ ಸೇರಬೇಕು, ಅಮ್ಮಂಗೆ ಮನೆ ಕಟ್ಟಿಸಬೇಕು, ಮದ್ವೆ ಆಗ್ಬೇಕು. ಹೀಗೆ ಅನ್ಸೋಳನ್ನ ಕರ್ತನು ಕರ್ಕೊಂಡು ಹೋಗಲ್ಲ ಅಲ್ವಾ?”

ಬದುಕುವ ಆಸೆಯನ್ನು ಈ ಮಗು ಪಾಪ ಅಂದುಕೊಂಡಿತ್ತು. ಬಾಯಿಬಿಟ್ಟು ಹೇಳಲಾಗದ ಆ ಪಾಪವೇ ರಾತ್ರಿ ಎಬ್ಬಿಸುತ್ತಿತ್ತು.

ಸತ್ಯವೇದ ಅವಳ ಬ್ಯಾಗಿನಲ್ಲೇ ಇತ್ತು. ಯೆರೆಮೀಯ 28, 29ನೇ ಅಧ್ಯಾಯ ತೆಗೆಸಿ ಅವಳಿಂದಲೇ ಓದಿಸಿದೆ. ಬಾಬೆಲಿಗೆ ಸೆರೆಹೋದ ಯೆಹೂದ್ಯರಿಗೂ ಒಂದು ದಿನದ ಕಾಯುವಿಕೆ ಇತ್ತು. ಹನನ್ಯ ಎಂಬವನು ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಅಂತ ದೇವರ ಹೆಸರಲ್ಲೇ ಸಾರಿದ. ಪ್ರವಾದಿ ಯೆರೆಮೀಯ ಸೆರೆಹೋದವರಿಗೆ ಪತ್ರ ಬರೆದ. ಬಿಡುಗಡೆ ಖಂಡಿತ, ಆದರೆ ಎಪ್ಪತ್ತು ವರ್ಷ. ಅಲ್ಲಿಯವರೆಗೆ ಮನೆ ಕಟ್ಟಿ, ತೋಟ ಮಾಡಿ ಅದರ ಫಲ ತಿನ್ನಿ, ಮದುವೆಯಾಗಿ, ಮಕ್ಕಳನ್ನು ಪಡೆಯಿರಿ. ಮನೆ, ಮದುವೆ ಅಂತ ಬಂದಾಗ ಅವಳು ಓದುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು. ಆಮೇಲೆ ಆ ಸಾಲನ್ನು ಮತ್ತೊಮ್ಮೆ ಓದಿದಳು. ನಾನು ಹೇಳಿದ್ದು ಇಷ್ಟೇ: “ನಿನಗೆ ಬೇಕು ಅನ್ಸಿದ್ದನ್ನೆಲ್ಲ ಮಾಡಿ ಅಂತ ದೇವರೇ ಹೇಳಿದ್ದಾನೆ. ಇದರಲ್ಲಿ ಪಾಪ ಎಲ್ಲಿದೆ?” ಅವತ್ತು ಅತ್ತಳು. ಭಯಕ್ಕೆ ಅತ್ತಿದ್ದಲ್ಲ.

ವಾಕ್ಯ ಓದಿಸಿದರೆ ಕಾಯಿಲೆ ಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಮತ್ತೆ ಮತ್ತೆ ಪರೀಕ್ಷಿಸುವುದು, ಒಂದು ಗಂಟೆಯ ಸಮಾಧಾನ, ಮತ್ತೆ ಭಯ, ಇದು ಗೀಳಿನ ಲಕ್ಷಣ. ಅದಕ್ಕೇ ಮನೋವೈದ್ಯರ ಹತ್ತಿರವೂ ಕಳಿಸಿದೆ, ಔಷಧಿ ಶುರುವಾಯಿತು. ಇನ್ನೊಂದು ಸಲಹೆ ಮನೆಯವರಿಗೆ ತುಂಬಾ ಕಷ್ಟವಾಯಿತು: ರಾತ್ರಿ ಅಜ್ಜಿ ಅವಳ ಫೋನ್ ಎತ್ತಬಾರದು. “ಎಷ್ಟು ಕಟುಕರು ನೀವು” ಅಂದರು ಅಮ್ಮ. ಆದರೆ ಪ್ರತಿ ಸಲ ಅಜ್ಜಿ ಫೋನ್ ಎತ್ತಿದಾಗಲೂ ಆ ಭಯ ಕೆರೆದ ಗಾಯದ ಹಾಗೆ ಇನ್ನಷ್ಟು ತುರಿಸುತ್ತಿತ್ತು. ಮೊದಲು ಹತ್ತು ನಿಮಿಷ ತಡಿ, ಆಮೇಲೆ ಅರ್ಧ ಗಂಟೆ, ಆಮೇಲೆ ಬೆಳಗಿನವರೆಗೆ ಅಂತ ಮಾಡಿದೆವು. ತಡೆಯಲಾಗದಿದ್ದರೆ ರೂಮಿನ ಗೆಳತಿಯನ್ನು ಎಬ್ಬಿಸಬಹುದು, ಆದರೆ ಊರಲ್ಲಿ ಎಲ್ಲರೂ ಇದ್ದಾರಾ ಅಂತ ಕೇಳಬಾರದು. ಬರೋಣದ ವಿಡಿಯೊಗಳನ್ನು ಅವಳೇ ತೆಗೆದುಹಾಕಿದಳು. ಫೀಸನ್ನು ಆ ವಾರವೇ ಕಟ್ಟಿಸಿದೆ.

ಈ ಸಲಹೆಗೆ ಎರಡೂ ಕಡೆಯಿಂದ ಮಾತು ಕೇಳಿದ್ದೇನೆ. ಜೊತೆಗೆ ಕೆಲಸ ಮಾಡುವವರೊಬ್ಬರು “ಬರೋಣ ಅನ್ನೋದೇ ಕಟ್ಟುಕತೆ ಅಂತ ಹೇಳಿಬಿಡಬೇಕಿತ್ತು” ಅಂದರು. ಒಬ್ಬಳ ನಂಬಿಕೆ ಕೀಳುವುದು ನನ್ನ ಕೆಲಸವಲ್ಲ. ಆತನು ತಿರುಗಿ ಬರುವನು ಅಂತ ಭಾನುವಾರ ವಿಶ್ವಾಸಪ್ರಮಾಣದಲ್ಲಿ ಹೇಳುವವಳು ನಾನೂ. ಆದರೆ ಕಣ್ಣು ಮಿಟುಕಿಸುವುದರಲ್ಲಿ ಮನೆಯವರೆಲ್ಲ ಮಾಯವಾಗಿ, ಉಳಿದವರು ಲೋಕದ ಕೊನೆಗಾಲದ ಮಹಾಸಂಕಟಕ್ಕೆ ಸಿಗುತ್ತಾರೆ ಅನ್ನುವ ಕ್ರಮ ಹಬ್ಬಿದ್ದು 1830ರ ನಂತರ, ಜಾನ್ ನೆಲ್ಸನ್ ಡಾರ್ಬಿ ಎಂಬ ಬೋಧಕರ ಬೋಧನೆಯಿಂದ. 1909ರ ಸ್ಕೋಫೀಲ್ಡ್ ಬೈಬಲಿನ ಅಡಿಟಿಪ್ಪಣಿಗಳು ಅದನ್ನು ಇನ್ನಷ್ಟು ಹರಡಿದವು. ಕಥೋಲಿಕರು, ಆರ್ಥೊಡಾಕ್ಸರು ಹಾಗೆ ಕಲಿಸುವುದಿಲ್ಲ. ಬರೋಣವನ್ನು ನಂಬುವವರೆಲ್ಲ ಈ ಕ್ರಮವನ್ನು ನಂಬಬೇಕಿಲ್ಲ ಅಂತ ಹುಡುಗಿಗೆ ಯಾರೂ ಹೇಳಿರಲಿಲ್ಲ.

ಅವಳ ಸಭೆಯ ಪಾಸ್ಟರ್, ಅವಳು ಒಪ್ಪಿದ ಮೇಲೆ, ನನ್ನ ಜೊತೆ ಮಾತಾಡಿದರು. “ಎಚ್ಚರವಾಗಿರಿ ಅಂತ ಕರ್ತನೇ ಹೇಳಿದ್ದಾನೆ, ನೀವು ನೋಡಿದ್ರೆ ಮಲಗು ಅಂತೀರಲ್ಲ ಮೇಡಂ?” ಅಂದರು. ಮತ್ತಾಯ 25ರಲ್ಲಿ ಯೇಸು ಹೇಳಿದ ಕನ್ಯೆಯರ ಕತೆಯನ್ನು ನೋಡಿ ಪಾಸ್ಟರ್ ಅಂದೆ. ಮದುಮಗ ತಡಮಾಡಿದಾಗ ಹತ್ತು ಮಂದಿ ಕನ್ಯೆಯರೂ ತೂಕಡಿಸಿ ಮಲಗಿದರು. ಬುದ್ಧಿವಂತೆಯರೂ ಮಲಗಿದರು, ಅದಕ್ಕೆ ಅವರನ್ನು ಯಾರೂ ಬೈಯಲಿಲ್ಲ. ಅವರ ಹತ್ತಿರ ದೀಪಕ್ಕೆ ಎಣ್ಣೆ ಇತ್ತು, ಅಷ್ಟೇ. ಥೆಸಲೋನಿಕದ ಸಭೆಯವರಿಗೆ ಅಪೊಸ್ತಲ ಪೌಲ ಬರೆದದ್ದೂ ಸತ್ತವರಿಗಾಗಿ ದುಃಖಪಡುತ್ತಿದ್ದವರಿಗೆ. ಎತ್ತಲ್ಪಡುವ ಮಾತು ಮುಗಿದ ಕೂಡಲೇ ಈ ಮಾತುಗಳಿಂದ ಒಬ್ಬರನ್ನೊಬ್ಬರು ಸಂತೈಸಿರಿ ಅಂತಾನೆ. ಅದಕ್ಕೂ ಸ್ವಲ್ಪ ಮುಂಚೆ, ನೆಮ್ಮದಿಯಾಗಿದ್ದು ನಿಮ್ಮ ಕೈಯಾರೆ ದುಡಿಯಿರಿ ಅಂತಾನೆ. ಯುವಜನರ ಕೂಟದಲ್ಲಿ ಆ ಎರಡನ್ನೂ ಸೇರಿಸಿ ಓದಿಸಿ ಅಂತ ಕೇಳಿಕೊಂಡೆ. ಪೂರ್ತಿ ಒಪ್ಪಿದರು ಅಂತ ಹೇಳಲಾರೆ.

ಹುಡುಗಿ ಪರೀಕ್ಷೆ ಬರೆದಿದ್ದಾಳೆ. ಒಂದೊಂದು ರಾತ್ರಿ ಈಗಲೂ ಎಚ್ಚರವಾಗುತ್ತದಂತೆ, ಔಷಧಿ ಮುಂದುವರಿದಿದೆ.

ನಿಮ್ಮ ಮನೆಯಲ್ಲೋ ಸಭೆಯಲ್ಲೋ ಇಂಥ ಮಕ್ಕಳಿದ್ದರೆ, ಭಯ ಇದ್ದರೆ ಒಳ್ಳೇದೇ, ದಾರಿ ತಪ್ಪಲ್ಲ ಅಂತ ಸುಮ್ನೆ ಇರಬೇಡಿ. ಏನು ಆಸೆ ಇದೆ ಅಂತ ಕೇಳಿ. ನಿದ್ದೆ, ಊಟ, ಓದು ಕೆಟ್ಟಿದ್ದರೆ ಪ್ರಾರ್ಥನೆಯ ಜೊತೆಗೆ ವೈದ್ಯರನ್ನೂ ಕಾಣಿಸಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ.