ಸ್ಕ್ಯಾನ್ ನಾರ್ಮಲ್ ಬಂದರೆ ಖಿನ್ನತೆ ಸುಳ್ಳಾ?

ಪ್ರಶ್ನೆ: ಡಾಕ್ಟ್ರೇ, ನನ್ನ ತಂಗಿಗೆ 24 ವರ್ಷ. ಕೆಲವು ತಿಂಗಳಿಂದ ನಿದ್ದೆಯಿಲ್ಲ, ಊಟ ಸೇರುವುದಿಲ್ಲ, ಯಾರ ಜೊತೆಗೂ ಮಾತಿಲ್ಲ. ಮನೋವೈದ್ಯರು ಖಿನ್ನತೆ ಎಂದು ಮಾತ್ರೆ ಬರೆದರು. ತಲೆನೋವೂ ಇತ್ತೆಂದು ಮೆದುಳಿನ ಎಂಆರ್‌ಐ ಮಾಡಿಸಿದೆವು. ರಿಪೋರ್ಟ್ ನಾರ್ಮಲ್. ಈಗ ಮನೆಯ ದೊಡ್ಡವರು ‘ತಲೆಯಲ್ಲಿ ಏನೂ ಇಲ್ವಲ್ಲ, ಸುಮ್ನೆ ಯಾಕೆ ಮಾತ್ರೆ’ ಎನ್ನುತ್ತಾರೆ. ಫಂಕ್ಷನಲ್ ಎಂಆರ್‌ಐ ಅಂತ ಇನ್ನೊಂದು ಇದೆಯಂತೆ. ಅದರಲ್ಲಾದರೂ ಖಿನ್ನತೆ ಕಾಣುತ್ತದಾ?
– ಓದುಗರು, ದಾವಣಗೆರೆ

ಉತ್ತರ: ಕಾಣುವುದಿಲ್ಲ. ಆ ದುಡ್ಡು ಉಳಿಸಿ. ವೈದ್ಯರನ್ನು ಕೇಳದೆ ಮಾತ್ರೆ ಮಾತ್ರ ನಿಲ್ಲಿಸಬೇಡಿ.

ನೀವು ಮಾಡಿಸಿದ ಎಂಆರ್‌ಐ ಮೆದುಳಿನ ರಚನೆಯನ್ನು ತೋರಿಸುತ್ತದೆ. ಗಡ್ಡೆ, ರಕ್ತಸ್ರಾವ, ಪಾರ್ಶ್ವವಾಯುವಿನ ಗುರುತು, ಊತ ಇಂಥವು ಇಲ್ಲ ಎಂದಷ್ಟೇ ಆ ‘ನಾರ್ಮಲ್’ ಹೇಳುತ್ತದೆ. ಮನೆಯ ದೊಡ್ಡವರಲ್ಲಿ ಯಾರಿಗಾದರೂ ಮೈಗ್ರೇನ್ ಇದೆಯಾ? ಅವರ ಸ್ಕ್ಯಾನೂ ಸಾಮಾನ್ಯವಾಗಿ ನಾರ್ಮಲ್ಲೇ ಬರುತ್ತದೆ. ಹಾಗಂತ ಅವರ ತಲೆನೋವನ್ನು ನಾಟಕ ಎನ್ನಲು ಯಾರಿಗೂ ಧೈರ್ಯ ಬರುವುದಿಲ್ಲ, ಅಲ್ವಾ? ಫಿಟ್ಸ್ ಬರುವ ಎಷ್ಟೋ ಜನರ ಸ್ಕ್ಯಾನೂ ಹೀಗೆಯೇ.

ಇನ್ನು ಫಂಕ್ಷನಲ್ ಎಂಆರ್‌ಐ. ಇದಕ್ಕೆ ಬುನಾದಿ ಹಾಕಿದವರು ಜಪಾನಿನ ವಿಜ್ಞಾನಿ ಸೇಜಿ ಒಗಾವಾ. 1990ರಲ್ಲಿ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಕೆಲಸ ಮಾಡುತ್ತಿದ್ದಾಗ ರಕ್ತದಲ್ಲಿನ ಆಮ್ಲಜನಕದ ಏರಿಳಿತ ಎಂಆರ್‌ಐಯಲ್ಲಿ ಕಾಣುತ್ತದೆ ಎಂದು ಅವರು ತೋರಿಸಿಕೊಟ್ಟರು. ಮೆದುಳಿನ ಒಂದು ಜಾಗ ಚುರುಕಾದರೆ ಅಲ್ಲಿಗೆ ಆಮ್ಲಜನಕ ತುಂಬಿದ ರಕ್ತ ಜಾಸ್ತಿ ಹರಿಯುತ್ತದೆ. ಆಮ್ಲಜನಕ ಇರುವ ಹಿಮೋಗ್ಲೋಬಿನ್‌ಗೂ ಇಲ್ಲದ್ದಕ್ಕೂ ಅಯಸ್ಕಾಂತದ ಗುಣ ಬೇರೆ. ಯಂತ್ರ ಹಿಡಿಯುವುದು ಆ ವ್ಯತ್ಯಾಸವನ್ನು. ಅಂದರೆ ಅದಕ್ಕೆ ಯೋಚನೆ ಕಾಣುವುದಿಲ್ಲ, ದುಃಖವೂ ಕಾಣುವುದಿಲ್ಲ. ರಕ್ತದ ಏರಿಳಿತ ಕಾಣುತ್ತದೆ. ಅದೂ ಐದಾರು ಸೆಕೆಂಡ್ ತಡವಾಗಿ, ಕೆಲವೇ ಶೇಕಡಾದಷ್ಟು.

ಇಷ್ಟು ಸಣ್ಣ ಬದಲಾವಣೆಯಲ್ಲಿ ಖಿನ್ನತೆಯ ಗುರುತು ಹುಡುಕಬೇಕಾದರೆ ಹತ್ತಾರು ಜನರ ಸ್ಕ್ಯಾನ್ ಸೇರಿಸಿ ಸರಾಸರಿ ತೆಗೆಯಬೇಕು. ಖಿನ್ನತೆ ಇರುವವರ ಗುಂಪನ್ನು ಇಲ್ಲದವರ ಗುಂಪಿನ ಜೊತೆ ಹೋಲಿಸಿದ ಅಧ್ಯಯನಗಳು ಬೇಕಾದಷ್ಟಿವೆ. 2017ರಲ್ಲಿ ಅಂಥ ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಎಲ್ಲವೂ ಬೊಟ್ಟು ಮಾಡುವ ಒಂದು ಜಾಗ ಸಿಗಲಿಲ್ಲ. ರಚನೆಯಲ್ಲಿ ಒಂದು ವಿಷಯ ಸಿಕ್ಕಿದೆ: ನೆನಪಿಗೆ ಬೇಕಾದ ಹಿಪೊಕ್ಯಾಂಪಸ್ ಎಂಬ ಭಾಗ ಖಿನ್ನತೆ ಇರುವವರಲ್ಲಿ ಸರಾಸರಿ ಶೇ. 1ರ ಆಸುಪಾಸು ಚಿಕ್ಕದು. ಆದರೆ ಆರೋಗ್ಯವಾಗಿರುವ ಇಬ್ಬರ ನಡುವೆಯೇ ಅದಕ್ಕಿಂತ ಎಷ್ಟೋ ಜಾಸ್ತಿ ವ್ಯತ್ಯಾಸ ಇರುತ್ತದೆ. ನಿಮ್ಮ ತಂಗಿಯ ಹಿಪೊಕ್ಯಾಂಪಸ್ ಅಳೆದು ನಾನು ಏನು ಹೇಳಲಿ?

ಖಿನ್ನತೆ ಗೊತ್ತಾಗುವುದು ಮಾತಿನಿಂದ. ನಿದ್ದೆ, ಹಸಿವು, ಆಸಕ್ತಿ, ಸಾಯುವ ಯೋಚನೆ ಇವನ್ನೆಲ್ಲ ಕೂತು ಕೇಳಬೇಕು. ಪರೀಕ್ಷೆ ಮಾಡಿಸಲೇಬೇಕು ಅನ್ನಿಸಿದರೆ ವೈದ್ಯರ ಹತ್ತಿರ ಥೈರಾಯ್ಡ್ ಮತ್ತು ಬಿ12 ಬಗ್ಗೆ ಕೇಳಿ. ಖರ್ಚು ಕಡಿಮೆ, ಎಷ್ಟೋ ಸಲ ಉಪಯೋಗ ಜಾಸ್ತಿ.

ಪ್ರಶ್ನೆ: ಭಯಪಟ್ಟಾಗ ಮೆದುಳಿನ ಅಮಿಗ್ಡಲಾ ಎಂಬ ಭಾಗ ಕೆಂಪಾಗುವ ಚಿತ್ರ ನೋಡಿದೆ. ಹಾಗಾದರೆ ಅದು ಕೆಂಪಾಗಿದ್ದರೆ ಆ ವ್ಯಕ್ತಿಗೆ ಭಯ ಆಗಿದೆ ಎಂದು ಹೇಳಬಹುದಾ ಸರ್?
– ಪಿಯುಸಿ ವಿದ್ಯಾರ್ಥಿ, ಶಿವಮೊಗ್ಗ

ಉತ್ತರ: ಆ ಕೆಂಪು ಕಂಪ್ಯೂಟರ್ ಬಳಿದ ಬಣ್ಣ ಕಣಪ್ಪ. ಲೆಕ್ಕ ಹಾಕಿ, ಒಂದು ಮಿತಿ ದಾಟಿದ ಜಾಗಕ್ಕೆ ಬಣ್ಣ ಹಾಕುತ್ತಾರೆ. ಲೆಕ್ಕ ತಪ್ಪಿದರೆ ಏನಾಗುತ್ತದೆ ಗೊತ್ತಾ? 2009ರಲ್ಲಿ ಕ್ರೇಗ್ ಬೆನೆಟ್ ಎಂಬ ಸಂಶೋಧಕ ಮತ್ತು ಸಂಗಡಿಗರು ಒಂದು ಸತ್ತ ಸಾಲ್ಮನ್ ಮೀನನ್ನು ಸ್ಕ್ಯಾನರ್ ಒಳಗೆ ಮಲಗಿಸಿದರು. ಅದಕ್ಕೆ ಮನುಷ್ಯರ ಫೋಟೊ ತೋರಿಸಿ ‘ಇವರಿಗೆ ಏನನ್ನಿಸುತ್ತಿದೆ’ ಎಂದು ಕೇಳಿದರು! ಒಂದು ಸ್ಕ್ಯಾನ್‌ನಲ್ಲಿ ಸಾವಿರಾರು ಪುಟ್ಟ ಚೌಕಗಳಿರುತ್ತವೆ. ಒಂದೊಂದನ್ನೂ ಪರೀಕ್ಷಿಸುತ್ತಾ ಹೋದರೆ ಕೆಲವು ಬರೀ ಅದೃಷ್ಟಕ್ಕೆ ಪಾಸಾಗುತ್ತವೆ. ಅದಕ್ಕೆ ತಿದ್ದುಪಡಿ ಮಾಡದೆ ಬಿಟ್ಟಾಗ ಸತ್ತ ಮೀನಿನ ಮೆದುಳಲ್ಲೂ ಕೆಂಪು ಚುಕ್ಕೆ ಬಂತು. ತಿದ್ದಿದ ಮೇಲೆ ಮಾಯ. ಈ ಕೆಲಸಕ್ಕೆ 2012ರಲ್ಲಿ ಇಗ್ ನೊಬೆಲ್ ಸಿಕ್ಕಿತು. ಮೊದಲು ನಗಿಸಿ, ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು. ನಗು ಬಂದರೂ ಪಾಠ ಗಟ್ಟಿಯಾದದ್ದು.

ಲೆಕ್ಕ ಸರಿಯಿದ್ದರೂ ನಿನ್ನ ಪ್ರಶ್ನೆಗೆ ಉತ್ತರ ‘ಇಲ್ಲ’. ಅಮಿಗ್ಡಲಾ ನಗುಮುಖ ಕಂಡಾಗಲೂ, ಹೊಸದೇನಾದರೂ ಎದುರಾದಾಗಲೂ ಚುರುಕಾಗುತ್ತದೆ. ಇನ್ನೊಂದು ಕಡೆ, ಎಡಬಲದ ಎರಡೂ ಅಮಿಗ್ಡಲಾ ಹಾಳಾಗಿದ್ದ ಅಮೆರಿಕದ ಮಹಿಳೆಯೊಬ್ಬರು ಹಾವಿಗೂ ಹೆದರುತ್ತಿರಲಿಲ್ಲ. ಆದರೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಬೆರೆಸಿದ ಗಾಳಿ ಉಸಿರಾಡಿದಾಗ ಗಾಬರಿಬಿದ್ದರು. 2013ರಲ್ಲಿ ಇದು ಪ್ರಕಟವಾಯಿತು. ಭಯಕ್ಕೆ ಒಂದೇ ಮನೆ ಇಲ್ಲ.

ಪ್ರಶ್ನೆ: ನಮ್ಮ ತಂದೆಗೆ ಮೆದುಳಿನ ಎಡಭಾಗದಲ್ಲಿ ಗಡ್ಡೆ. ಆಪರೇಷನ್‌ಗೆ ಮೊದಲು ಫಂಕ್ಷನಲ್ ಎಂಆರ್‌ಐ ಆಗಬೇಕು ಎಂದಿದ್ದಾರೆ. ಬೇಕಾ? ಒಳಗೆ ಏನು ಮಾಡಿಸುತ್ತಾರೆ? ಮನೆಯಲ್ಲಿ ನಮ್ಮದು ತುಳು.
– ಓದುಗರು, ಪುತ್ತೂರು

ಉತ್ತರ: ಬೇಕು, ಮಾಡಿಸಿ. ಇಲ್ಲಿ ಕೇಳುತ್ತಿರುವ ಪ್ರಶ್ನೆಯೇ ಬೇರೆ. ಅವರ ಮಾತಿನ ಜಾಗ ಗಡ್ಡೆಯಿಂದ ಎಷ್ಟು ದೂರ ಎಂದು ಸರ್ಜನ್‌ಗೆ ತಿಳಿಯಬೇಕು. ಬಲಗೈ ಬಳಸುವವರಲ್ಲಿ ಶೇ. 90ಕ್ಕೂ ಹೆಚ್ಚು ಜನರಿಗೆ ಮಾತು ಎಡಭಾಗದಲ್ಲೇ ಇರುತ್ತದೆ. ಆದರೆ ಎಡಭಾಗದಲ್ಲಿ ಸರಿಯಾಗಿ ಎಲ್ಲಿ ಎಂಬುದು ಒಬ್ಬೊಬ್ಬರಿಗೆ ಒಂದೊಂದು ಥರ. ಗಡ್ಡೆ ಒತ್ತಿದ್ದರೆ ಇನ್ನೂ ಆಚೀಚೆ ಆಗಿರಬಹುದು.

ಒಳಗೆ ನೋವಿಲ್ಲ, ಎಕ್ಸ್-ರೇ ಥರದ ವಿಕಿರಣವಿಲ್ಲ. ಕೊಳವೆ ಇಕ್ಕಟ್ಟು, ಸದ್ದು ವಿಪರೀತ. ಕಿವಿಗೆ ಮುಚ್ಚಳ ಕೊಡುತ್ತಾರೆ. ‘ಕ’ದಿಂದ ಶುರುವಾಗುವ ಪದಗಳನ್ನು ಮನಸ್ಸಿನಲ್ಲೇ ನೆನೆಯಿರಿ ಎನ್ನುತ್ತಾರೆ. ಸ್ವಲ್ಪ ಹೊತ್ತು ನೆನೆಯುವುದು, ಸ್ವಲ್ಪ ಹೊತ್ತು ಸುಮ್ಮನಿರುವುದು, ಹೀಗೇ ಹಲವು ಸುತ್ತು. ಬಾಯಿಬಿಟ್ಟು ಹೇಳಿದರೆ ತಲೆ ಅಲುಗಿ ಚಿತ್ರ ಕೆಡುತ್ತದೆ.

ತಂದೆಯವರು ದಿನವಿಡೀ ಆಡುವ ಭಾಷೆ ತುಳು ಎಂದು ಮೊದಲೇ ಹೇಳಿ. ಸೂಚನೆ ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಬಂದರೆ ಅರ್ಥವಾಗದೆ ಸುಮ್ಮನೆ ಮಲಗಿಬಿಡುತ್ತಾರೆ, ಚಿತ್ರದಲ್ಲಿ ಮಾತಿನ ಜಾಗ ಖಾಲಿ ಕಾಣುತ್ತದೆ. ಕನ್ನಡವನ್ನೂ ಚೆನ್ನಾಗಿ ಆಡುತ್ತಾರಾದರೆ ಎರಡರಲ್ಲೂ ಮಾಡಲು ಆಗುತ್ತದಾ ಎಂದು ಕೇಳಿ. ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹ ಇದ್ದರೆ ಮುಚ್ಚಿಡಬೇಡಿ. ಉಂಗುರ, ತಾಯತ, ಬೆಳ್ಳಿ ಉಡಿದಾರ ಮನೆಯಲ್ಲೇ ತೆಗೆದಿಡಿ. ಹಿಂದಿನ ದಿನ ಕಣ್ಣು ಮುಚ್ಚಿಸಿ, ಪದ ನೆನೆಯುವುದನ್ನು ಒಂದೆರಡು ಸಲ ಅಭ್ಯಾಸ ಮಾಡಿಸಿ.